ರಾತ್ರಿ ಹನ್ನೊಂದರ ಕಟಕಟ: ಪಂಜರದ ಕಂಬಿ ಕಡಿಯುವ ಪುಟಾಣಿಯ ಅಹವಾಲು

ಕೆಳಗೆ ಅಂಗಡಿ, ಮೇಲೆ ಮನೆ. ಶ್ರೀಗಂಧದ ಕಾವಲ್, ಸುಂಕದಕಟ್ಟೆ, ಹೆಗ್ಗನಹಳ್ಳಿ ಕಡೆ ಇಂಥ ಕಟ್ಟಡಗಳಿಗೆ ಲೆಕ್ಕವಿಲ್ಲ. ಕೆಳಗಿನ ದಿನಸಿ ಅಂಗಡಿಯ ಯಜಮಾನರು ರಾತ್ರಿ ವ್ಯಾಪಾರ ಮುಗಿಸಿ, ಅಕ್ಕಿ ಮೂಟೆ ಪಕ್ಕ ಇಲಿಬೋನು ಇಟ್ಟು, ಕೊಕ್ಕೆಗೆ ಒಂದು ಚೂರು ಒಣಕೊಬ್ಬರಿ ಸಿಕ್ಕಿಸಿ, ಷಟರ್ ಎಳೆದು ಮೆಟ್ಟಿಲು ಹತ್ತುತ್ತಾರೆ. ಮೇಲೆ ಹೋದರೆ ಅಲ್ಲೂ ಒಂದು ಇಲಿ! ಅದಕ್ಕೆ ಬಣ್ಣದ ಪಂಜರ, ಕುಡಿಯೋದಕ್ಕೆ ಬಾಟಲಿ, ತಿನ್ನೋದಕ್ಕೆ ಸೂರ್ಯಕಾಂತಿ ಬೀಜ, ಆಡೋದಕ್ಕೆ ಚಕ್ರ, ಕರೆಯೋದಕ್ಕೆ ಮುದ್ದಿನ ಹೆಸರು. ಕೆಳಗಿನದಕ್ಕೆ ಪಾಷಾಣ, ಮೇಲಿನದಕ್ಕೆ ಪಾಯಸ. ಒಂದೇ ಕಟ್ಟಡದಲ್ಲಿ ಎರಡು ನ್ಯಾಯ.

ಮೇಲಿನ ಈ ಅತಿಥಿಯ ಹೆಸರು ಹ್ಯಾಮ್‌ಸ್ಟರ್. ಅಸಲಿ ಇಲಿಯಲ್ಲ, ಇಲಿಯ ದಾಯಾದಿ. ಮುಷ್ಟಿಯಲ್ಲಿ ಹಿಡಿಸುವ ಉಣ್ಣೆಯ ಉಂಡೆ, ಹುಡುಕಿದರೆ ಕಾಣುವಷ್ಟು ಬಾಲ, ಎರಡು ಕೆನ್ನೆಗೂ ಒಂದೊಂದು ಚೀಲ. ಹತ್ತು ಕಾಳು ಕೊಟ್ಟರೆ ಹತ್ತನ್ನೂ ಕೆನ್ನೆಗೆ ತುಂಬಿಕೊಂಡು ಮೂಲೆಯಲ್ಲಿ ಬಚ್ಚಿಡುತ್ತದೆ. ಜರ್ಮನ್ ಭಾಷೆಯಲ್ಲಿ ಕೂಡಿಡುವುದು ಎಂಬ ಅರ್ಥದ ಒಂದು ಮಾತು ಹುಟ್ಟಿದ್ದೇ ಇದರ ಹೆಸರಿನಿಂದ. ಮಕ್ಕಳ ಹಟಕ್ಕೆ ಬಗ್ಗಿ, ಮೊಬೈಲಿನಲ್ಲಿ ವಿಡಿಯೋ ನೋಡಿ, ನಾಯಿ ಸಾಕಲು ಬಾಡಿಗೆ ಮನೆಯ ಓನರ್ ಒಪ್ಪದ ಕಾರಣಕ್ಕೆ ಇದನ್ನು ತರುವವರು ಈಗ ಹೆಚ್ಚು. ಮನೆಯಲ್ಲಿ ಹಿರಿಯರಿದ್ದರೆ ಮೊದಲ ದಿನ ಮೂಗು ಮುರಿಯುತ್ತಾರೆ. ಮಾರನೆಯ ದಿನ "ಗಣಪತಿ ವಾಹನ ಕಣಪ್ಪಾ, ಬೈಬ್ಯಾಡಿ" ಎಂದು ತಾವೇ ಸೌತೆಕಾಯಿ ಹೆಚ್ಚಿ ಕೊಡುತ್ತಾರೆ.

ತಕರಾರು ಶುರುವಾಗುವುದು ರಾತ್ರಿ.

ಪೀಣ್ಯದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ, ಬಸ್ಸು ಹಿಡಿದು ಬಂದು, ಊಟ ಮಾಡಿ ತಲೆಗೆ ದಿಂಬು ಕೊಟ್ಟ ಮನುಷ್ಯನಿಗೆ ಆಗ ಕೇಳುತ್ತದೆ: ಕಟ, ಕಟ, ಕಟ, ಕಟ. ಹಗಲೆಲ್ಲಾ ಸತ್ತ ಹಾಗೆ ಮಲಗಿದ್ದ ಪ್ರಾಣಿ ಎದ್ದು, ಪಂಜರದ ಒಂದು ಮೂಲೆಯ ಕಂಬಿಯನ್ನು ಬಾಯಲ್ಲಿ ಕಚ್ಚಿ, ಗರಗಸ ಹಾಕಿದ ಹಾಗೆ ಎಳೆಯುತ್ತಿರುತ್ತದೆ. ಹಾಲ್ ಒಂದೇ, ರೂಮ್ ಒಂದೇ ಇರುವ ಮನೆಯಲ್ಲಿ ಆ ಸದ್ದಿಂದ ಓಡಿಹೋಗುವುದೆಲ್ಲಿಗೆ? ಬೆಳಿಗ್ಗೆ ಆರಕ್ಕೆ ಫಸ್ಟ್ ಶಿಫ್ಟಿನ ಬಸ್ಸಿಗೆ ನಿಲ್ಲಬೇಕಾದವರಿಗಂತೂ ಅದು ತಲೆಯೊಳಗೇ ಕಡಿದಂತೆ.

"ಅದನ್ನ ತಗೊಂಡೋಗಿ ಬಾತ್‌ರೂಮಲ್ಲಿಡೇ!"

"ಪಾಪ ಕಣ್ರೀ, ಚಳಿ."

ಹೀಗೆ ಗಂಡ ಹೆಂಡಿರ ನಡುವೆ ನ್ಯಾಯ ಪಂಚಾಯಿತಿ. ಮಗುವಿನ ಕಣ್ಣಲ್ಲಿ ನೀರು. ಇಲಿಗೆ ಪ್ರಾಣಸಂಕಟ, ಬೆಕ್ಕಿಗೆ ಚೆಲ್ಲಾಟ ಎನ್ನುತ್ತಾರಲ್ಲ, ಇಲ್ಲಿ ಬೆಕ್ಕೇ ಇಲ್ಲ. ಆದರೆ ಸಂಕಟ ಇದೆ. ಅದು ಯಾರಿಗೆ, ಯಾಕೆ ಎಂಬುದೇ ಪ್ರಶ್ನೆ.

ಮನೆಮದ್ದುಗಳ ಮೆರವಣಿಗೆ

ಕಟಕಟ ನಿಲ್ಲಿಸೋದಕ್ಕೆ ಜನ ಮಾಡದ ಉಪಾಯವಿಲ್ಲ. ಕೆಲವರು ಪಂಜರದ ಮೇಲೆ ಬಡಿದು ಗದರುತ್ತಾರೆ. ಪ್ರಾಣಿ ಹೆದರಿ ಐದು ನಿಮಿಷ ಸುಮ್ಮನಾಗುತ್ತದೆ, ಆರನೇ ನಿಮಿಷಕ್ಕೆ ಮತ್ತೆ ಅದೇ ಕಂಬಿ. ಕೆಲವರು ಕಂಬಿಗೆ ಖಾರದಪುಡಿ ಸವರುತ್ತಾರೆ, ಬೇವಿನೆಣ್ಣೆ ಬಳಿಯುತ್ತಾರೆ, ಹಾಗಲಕಾಯಿ ರಸ ಉಜ್ಜುತ್ತಾರೆ. ಪಾಪದ ಪ್ರಾಣಿ ಮುಂಗಾಲಿನಿಂದ ಮುಖ ತೊಳೆದುಕೊಳ್ಳುವ ಜಾತಿ. ಖಾರ ಬಾಯಿಂದ ಕಾಲಿಗೆ, ಕಾಲಿಂದ ಕಣ್ಣಿಗೆ. ಸೆಲೋಟೇಪ್ ಸುತ್ತಿದರೆ ಟೇಪನ್ನೇ ಕಿತ್ತು ನುಂಗುತ್ತದೆ. ಪಂಜರದ ಮೇಲೆ ದಪ್ಪ ಹೊದಿಕೆ ಮುಚ್ಚಿದರೆ ಬೇಸಿಗೆಯಲ್ಲಿ ಒಳಗೆ ಉಸಿರಾಡೋದಕ್ಕೂ ಕಷ್ಟ.

ಎಲ್ಲಕ್ಕಿಂತ ಹೆಚ್ಚು ಚಾಲ್ತಿಯಲ್ಲಿರುವ ಉಪಾಯ ಲಂಚ. ಕಡಿಯಲು ಶುರು ಮಾಡಿದ ಕೂಡಲೇ ಎದ್ದು ಹೋಗಿ ಒಂದು ಸೂರ್ಯಕಾಂತಿ ಬೀಜ ಕೊಡುವುದು. ಪ್ರಾಣಿ ಸುಮ್ಮನಾಗುತ್ತದೆ, ನಿಜ. ಆದರೆ ಅದು ದಡ್ಡ ಪ್ರಾಣಿಯಲ್ಲ. ಕಂಬಿ ಕಡಿದರೆ ಬೀಜ ಬರುತ್ತದೆ ಎಂದು ಎರಡು ದಿನದಲ್ಲಿ ಪಾಠ ಕಲಿಯುತ್ತದೆ. ಆಮೇಲೆ ಬೀಜ ಬೇಕಾದಾಗಲೆಲ್ಲಾ ಬೆಲ್ ಒತ್ತಿದ ಹಾಗೆ ಕಂಬಿ ಕಡಿಯುತ್ತದೆ. ಕೆಲಸ ಆಗಬೇಕಾದರೆ ಕೈ ಬಿಸಿ ಮಾಡಬೇಕು ಎಂಬುದನ್ನು ಅದಕ್ಕೆ ಕಲಿಸಿದವರು ನಾವೇ.

ಇನ್ನೊಂದು ಉಪಾಯ ಪ್ರಾಣಕ್ಕೇ ಕುತ್ತು. "ಒಂಟಿಯಾಗಿ ಬೇಜಾರಾಗಿರ್ಬೇಕು, ಜೊತೆಗೊಂದು ತಂದುಬಿಡಿ" ಎನ್ನುವುದು. ಮನುಷ್ಯರ ಲೆಕ್ಕದಲ್ಲಿ ಇದು ಸರಿ. ಆದರೆ ಹೊಂಬಣ್ಣದ ದೊಡ್ಡ ಜಾತಿ, ಅಂದರೆ ಸಿರಿಯನ್ ಹ್ಯಾಮ್‌ಸ್ಟರ್, ಹುಟ್ಟಾ ಒಂಟಿ ಸಂಸಾರಿ. ಪ್ರಾಯಕ್ಕೆ ಬಂದ ಎರಡನ್ನು ಒಂದೇ ಪಂಜರದಲ್ಲಿ ಹಾಕಿದರೆ ರಕ್ತ ಹರಿಯುತ್ತದೆ, ಒಂದೊಂದು ಸಲ ಬೆಳಿಗ್ಗೆ ಒಂದೇ ಉಳಿದಿರುತ್ತದೆ. ಅದೃಷ್ಟವಶಾತ್ ಗಂಡು ಹೆಣ್ಣು ಕೂಡಿದವು ಎನ್ನಿ, ಹದಿನಾರು ದಿನಕ್ಕೆ ಮರಿ! ಇಷ್ಟು ಕಡಿಮೆ ಬಸಿರಿನ ಪ್ರಾಣಿ ನಮ್ಮ ನಿಮ್ಮಂಥ ಸಸ್ತನಿಗಳ ಸಾಲಿನಲ್ಲಿ ಸಿಗುವುದು ಕಷ್ಟ. ಒಂದು ಕಟಕಟಕ್ಕೆ ನಿದ್ದೆ ಕೆಟ್ಟವರು ಹತ್ತು ಕಟಕಟಕ್ಕೆ ಸಿದ್ಧರಾಗಬೇಕು.

ಹಲ್ಲಿನ ಕಥೆ ಅರ್ಧ ಸತ್ಯ

ಮಾರುವ ಅಂಗಡಿಯಲ್ಲಿ ಕೇಳಿದರೆ ಸಿದ್ಧ ಉತ್ತರ ಒಂದುಂಟು. "ಹಲ್ಲು ಬೆಳೀತಾ ಇರತ್ತೆ ಸಾರ್, ಅದಕ್ಕೇ ಉಜ್ಜತ್ತೆ. ಏನೂ ಆಗಲ್ಲ ಬಿಡಿ."

ಹಲ್ಲು ಬೆಳೆಯುತ್ತದೆ ಎಂಬುದು ನಿಜ. ಮುಂದಿನ ನಾಲ್ಕು ಬಾಚಿಹಲ್ಲು, ಮೇಲೆರಡು ಕೆಳಗೆರಡು, ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಹಲ್ಲಿನ ಮುಂಭಾಗದಲ್ಲಿ ಗಟ್ಟಿ ಹೊದಿಕೆ, ಅದಕ್ಕೆ ಅರಿಸಿನ ಹಚ್ಚಿದಂಥ ಬಣ್ಣ. ಹಿಂಭಾಗ ಮೆದು. ಮೆದುವಾದದ್ದು ಬೇಗ ಸವೆದು ಗಟ್ಟಿಯಾದದ್ದು ನಿಲ್ಲುವುದರಿಂದ ಹಲ್ಲಿನ ತುದಿ ಬಡಗಿಯ ಉಳಿಯಂತೆ ತಾನೇ ತಾನಾಗಿ ಹರಿತವಾಗುತ್ತದೆ. ಆದರೆ ಆ ಉಳಿಗೆ ಸಾಣೆ ಕೊಡಲು ಕಬ್ಬಿಣದ ಕಂಬಿ ಬೇಕಿಲ್ಲ. ಮೇಲಿನ ಹಲ್ಲನ್ನು ಕೆಳಗಿನ ಹಲ್ಲಿಗೆ ಮಸೆದುಕೊಂಡು, ಕಾಳು ಕಡ್ಡಿ ಕಡಿದುಕೊಂಡು ಅದು ತನ್ನ ಹಲ್ಲನ್ನು ತಾನೇ ಅಳತೆಯಲ್ಲಿ ಇಟ್ಟುಕೊಳ್ಳುತ್ತದೆ. ಕಾಡಿನಲ್ಲಿ, ಹೊಲದಲ್ಲಿ ಯಾರು ಅದಕ್ಕೆ ಕಂಬಿ ನೆಟ್ಟಿದ್ದರು?

ಕಂಬಿಯಿಂದ ಆಗುವುದು ಬೇರೆಯೇ. ಹಲ್ಲು ಮುರಿಯಬಹುದು, ಸೊಟ್ಟ ಬೆಳೆಯಬಹುದು. ಸೊಟ್ಟ ಬೆಳೆದ ಹಲ್ಲು ಮೇಲಿನದು ಕೆಳಗಿನದಕ್ಕೆ ತಾಗದೆ, ಸವೆಯದೆ, ಅಂಕೆ ಮೀರಿ ಬಾಯೊಳಗೇ ಚುಚ್ಚುತ್ತದೆ. ಮುಂದೆ ತಟ್ಟೆ ತುಂಬಾ ಕಾಳಿದ್ದರೂ ತಿನ್ನಲಾರದೆ ಸೊರಗುತ್ತದೆ. ಕಂಬಿಗೆ ಉಜ್ಜಿ ಉಜ್ಜಿ ಮೂಗಿನ ಮೇಲಿನ ಕೂದಲು ಹೋಗಿ ಗಾಯ ಆಗುತ್ತದೆ. ಅಗ್ಗದ ಪಂಜರದ ಬಣ್ಣ, ಸತುವಿನ ಲೇಪ ಚಕ್ಕೆ ಚಕ್ಕೆಯಾಗಿ ಹೊಟ್ಟೆಗೆ ಸೇರಿದರೆ ಅದೊಂದು ವಿಷ. "ಏನೂ ಆಗಲ್ಲ ಬಿಡಿ" ಎಂದವರು ಆಗ ಎದುರಿಗಿರುವುದಿಲ್ಲ.

ಬೆಟ್ಟ ಅಗೆದು ಇಲಿ ಹಿಡಿದವರು

ಈ ಪ್ರಾಣಿಯ ಜಾತಕ ತಿಳಿದರೆ ಕಾರಣ ಹೊಳೆಯುತ್ತದೆ. ಇದರ ತವರು ಸಿರಿಯಾ ದೇಶದ ಅಲೆಪ್ಪೊ ಸೀಮೆಯ ಗೋಧಿ ಹೊಲ. 1839ರಲ್ಲಿ ಜಾರ್ಜ್ ವಾಟರ್‌ಹೌಸ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಇದರ ವಿವರ ಬರೆದ. ಆಮೇಲೆ ತೊಂಬತ್ತು ವರ್ಷ ಹೆಚ್ಚುಕಡಿಮೆ ಮರೆತೇಹೋಗಿತ್ತು. 1930ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞ ಅಲೆಪ್ಪೊ ಬಳಿ ಕೂಲಿಯವರನ್ನು ಹಚ್ಚಿ ಹೊಲ ಅಗೆಸಿದ. ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆಯನ್ನು ಅಕ್ಷರಶಃ ಮಾಡಿ ತೋರಿಸಿದವನು ಈತನೇ ಇರಬೇಕು. ಎಂಟು ಅಡಿ ಆಳದಲ್ಲಿ ಒಂದು ತಾಯಿ, ಹನ್ನೊಂದು ಮರಿ ಸಿಕ್ಕವು.

ಮುಂದಿನ ಸಂಗತಿ ಇನ್ನೂ ಸ್ವಾರಸ್ಯ. ಗಾಬರಿಬಿದ್ದ ತಾಯಿ ತನ್ನದೇ ಒಂದು ಮರಿಯನ್ನು ಕೊಂದಿತು. ಉಳಿದ ಮರಿಗಳನ್ನು ಜೆರುಸಲೇಮಿಗೆ ತಂದು ಮರದ ತಳದ ಗೂಡಿನಲ್ಲಿ ಇಟ್ಟರೆ, ಕೆಲವು ರಾತ್ರೋರಾತ್ರಿ ಮರವನ್ನೇ ಕಡಿದು ಪರಾರಿ! ತಪ್ಪಿಸಿಕೊಂಡವು ಬದುಕಲಿಲ್ಲ. ಉಳಿದದ್ದು ಬೆರಳೆಣಿಕೆ. ಅವುಗಳಲ್ಲೇ ಒಡಹುಟ್ಟಿದವು ಕೂಡಿ ಮರಿ ಹಾಕಿ, ಆ ಸಂತತಿ ಇಂಗ್ಲೆಂಡಿಗೆ, ಅಮೆರಿಕೆಗೆ, ಮೊದಲು ಪ್ರಯೋಗಶಾಲೆಗೆ, ಆಮೇಲೆ ಮಕ್ಕಳ ಕೋಣೆಗೆ ಹರಡಿತು. ಇವತ್ತು ಮಾಗಡಿ ರಸ್ತೆಯ ಒಂದು ಮನೆಯಲ್ಲಿ ಕಂಬಿ ಕಡಿಯುತ್ತಿರುವ ಹೊಂಬಣ್ಣದ ಹ್ಯಾಮ್‌ಸ್ಟರ್ ಬಹುಪಾಲು ಅದೇ ಮನೆತನದ ಕುಡಿ. ಗೂಡು ಕಡಿಯುವುದು ಅದಕ್ಕೆ ಮೊನ್ನೆ ಮೊನ್ನೆ ಬಂದ ಚಟವಲ್ಲ ಸ್ವಾಮಿ, ಸಾಕಿದ ಮೊದಲ ದಿನದಿಂದ ಇರುವ ಪ್ರತಿಭಟನೆ.

ಅಲ್ಲಿನ ರೈತನಿಗೆ ಇದು ಮುದ್ದಿನ ಪ್ರಾಣಿಯಲ್ಲ, ಕಾಳು ಕದಿಯುವ ಪೀಡೆ. ರಾಗಿ ಹೊಲದ ಇಲಿಯನ್ನು ನಮ್ಮ ಮಾಗಡಿ ಸೀಮೆಯ ರೈತ ಹೇಗೆ ನೋಡುತ್ತಾನೋ ಹಾಗೆ. ಸಿರಿಯಾ ಮತ್ತು ತುರ್ಕಿಯ ಗಡಿಯ ಹೊಲಗಳಲ್ಲಿ ವಿಜ್ಞಾನಿಗಳು ಇವುಗಳ ಬಿಲಗಳನ್ನು ಅಳೆದು 2001ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಬಿಲದ ಸರಾಸರಿ ಆಳ 65 ಸೆಂಟಿಮೀಟರ್, ಅಂದರೆ ಎರಡಡಿಗೂ ಮೇಲೆ. ಒಂದು ಬಿಲಕ್ಕೆ ಒಂದೇ ಪ್ರಾಣಿ.

ಎರಡಡಿ ಆಳದ ಬಿಲ ತೋಡಿ, ರಾತ್ರಿ ಹೊಲ ಸುತ್ತಿ, ಕಾಳು ಹೊತ್ತು ತರಲು ಹುಟ್ಟಿದ ಜೀವಕ್ಕೆ ನಾವು ಕೊಟ್ಟಿರುವುದೇನು? ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ತಂತಿ ಡಬ್ಬ. ಅದರ ತಳದಲ್ಲಿ ಒಂದಿಂಚು ಮರದ ಹೊಟ್ಟು. ಮೂಲೆಯಲ್ಲಿ ಬಟ್ಟಲು ತುಂಬಾ ಕಾಳು. ಕೆಲಸವಿಲ್ಲ, ಕಾರ್ಯವಿಲ್ಲ, ತಲೆಮರೆಸಲು ಜಾಗವಿಲ್ಲ. ರಿಟೈರಾದ ಮಾರನೆಯ ದಿನ ಮನೆಯ ಜಗಲಿಯಲ್ಲಿ ಕೂತ ಮನುಷ್ಯ ಬಾಗಿಲ ಚಿಲಕ ಅಲ್ಲಾಡಿಸುತ್ತಾ ಕೂರುವುದಿಲ್ಲವೇ?

ಅಳತೆ ಹಿಡಿದು ನೋಡಿದವರು

ಮಾತಿಗೆ ಮಾತು ಬೇಡ, ಲೆಕ್ಕ ಬೇಕು ಎನ್ನುವ ವ್ಯಾಪಾರಿಗಳಿಗೆ ಲೆಕ್ಕವೂ ಇದೆ. ಸ್ವಿಟ್ಜರ್‌ಲೆಂಡಿನ ಬರ್ನ್ ವಿಶ್ವವಿದ್ಯಾಲಯದವರು ಈ ಕಂಬಿ ಕಡಿತವನ್ನೇ ಹಿಡಿದು ಅಧ್ಯಯನ ಮಾಡಿದ್ದಾರೆ. 2006ರಲ್ಲಿ ಪ್ರಕಟವಾದ ಒಂದರಲ್ಲಿ 45 ಗಂಡು ಹ್ಯಾಮ್‌ಸ್ಟರ್‌ಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ 10 ಸೆಂಟಿಮೀಟರ್, ಇನ್ನೊಂದಕ್ಕೆ 40, ಮತ್ತೊಂದಕ್ಕೆ 80 ಸೆಂಟಿಮೀಟರ್ ಆಳದ ಹಾಸು ಹಾಕಿದರು. ಹತ್ತು ಸೆಂಟಿಮೀಟರಿನವು ಉಳಿದವಕ್ಕಿಂತ ಸ್ಪಷ್ಟವಾಗಿ ಹೆಚ್ಚು ಕಂಬಿ ಕಡಿದವು, ಚಕ್ರದಲ್ಲೂ ಹೆಚ್ಚು ಓಡಿದವು. ಗಮನಿಸಿ, ಅಲ್ಲಿ ಕಡಿಮೆ ಎನಿಸಿಕೊಂಡದ್ದೇ ನಾಲ್ಕು ಇಂಚು. ನಮ್ಮಲ್ಲಿ ಹಾಕುವುದು ಒಂದಿಂಚು.

2007ರ ಇನ್ನೊಂದು ಅಧ್ಯಯನ ಪಂಜರದ ವಿಸ್ತೀರ್ಣದ್ದು. ನಾಲ್ಕು ಅಳತೆಯ ಪಂಜರ, ಚಿಕ್ಕದು 1800 ಚದರ ಸೆಂಟಿಮೀಟರ್, ದೊಡ್ಡದು 10,000. ಬೆಂಗಳೂರಿನವರಿಗೆ ಅಳತೆ ಎಂದರೆ ಚದರಡಿ, ಆದ್ದರಿಂದ ಆ ಲೆಕ್ಕದಲ್ಲೇ ಹೇಳುವುದು ಮೇಲು: ಚಿಕ್ಕದು ಸುಮಾರು ಎರಡು ಚದರಡಿ, ದೊಡ್ಡದು ಹತ್ತೂ ಮುಕ್ಕಾಲು. ಕಂಬಿ ಕಡಿಯುವುದು ನಾಲ್ಕರಲ್ಲೂ ಕಂಡುಬಂತು. ಆದರೆ ಚಿಕ್ಕ ಪಂಜರದವು ಹೆಚ್ಚು ಸಲ, ಹೆಚ್ಚು ಹೊತ್ತು ಕಡಿದವು. ಜರ್ಮನಿಯ ಪಶುವೈದ್ಯರ ಪ್ರಾಣಿಕಲ್ಯಾಣ ಸಂಘ ಕನಿಷ್ಠ ಎಂದು ಹೇಳುವುದು ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಎತ್ತರ. ಐದು ಚದರಡಿಗೂ ಮೇಲಾಯಿತು. ಇಪ್ಪತ್ತು ಮೂವತ್ತರ ಸೈಟಿನಲ್ಲಿ ಮೂರು ಸಂಸಾರ ಬಾಳುವ ಊರಿನಲ್ಲಿ ಇಲಿಗೆ ಐದು ಚದರಡಿಯೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಆ ಸಂಸಾರಗಳಿಗೆ ಬಾಗಿಲಿದೆ, ಬೀದಿಯಿದೆ, ಬಸ್ಸಿದೆ. ಇದಕ್ಕೆ ಇರುವುದೆಲ್ಲಾ ಆ ಡಬ್ಬದೊಳಗೇ.

ಮೃಗಾಲಯದ ಹುಲಿ ಒಂದೇ ಜಾಡಿನಲ್ಲಿ ಹಿಂದೆ ಮುಂದೆ ತಿರುಗುವುದನ್ನೂ, ಸರಪಳಿ ಕಟ್ಟಿದ ಆನೆ ತಲೆದೂಗುವುದನ್ನೂ ನೋಡಿದವರುಂಟು. ಆನೆ ಕುಣಿಯುತ್ತಿದೆ ಎಂದು ಮಕ್ಕಳಿಗೆ ತೋರಿಸುತ್ತೇವೆ. ಕಂಬಿ ಕಡಿತವೂ ಅದೇ ಜಾತಿಯ ರೋಗ. ಒಂದು ಸಲ ಮೈಗೂಡಿದರೆ ದೊಡ್ಡ ಮನೆ ಕೊಟ್ಟ ಮೇಲೂ ಕೆಲವಕ್ಕೆ ಪೂರ್ತಿ ಬಿಡುವುದಿಲ್ಲ. ಅದಕ್ಕೇ ತಂದ ದಿನವೇ ಸರಿಯಾಗಿ ಇಡುವುದು ಅಗ್ಗ.

ಪೀಣ್ಯದ ಪೆಟ್ಟಿಗೆ, ಸೋರುವ ಮೀನಿನ ತೊಟ್ಟಿ

ಹಾಗಾದರೆ ಸಾವಿರಾರು ರೂಪಾಯಿ ಸುರಿದು ಬಂಗಲೆ ಕಟ್ಟಿಸಬೇಕೇ? ಬೇಡ. ನೀರು ಸೋರುತ್ತದೆ ಎಂದು ಮೂಲೆಗೆ ಹಾಕಿದ ಮೂರಡಿ ಮೀನಿನ ತೊಟ್ಟಿ ಎಲ್ಲಾದರೂ ಇದ್ದರೆ ವಿಚಾರಿಸಿ. ಮೀನಿಗೆ ಬಾರದ ತೊಟ್ಟಿ ಹ್ಯಾಮ್‌ಸ್ಟರ್‌ಗೆ ಅರಮನೆ. ನೀರು ನಿಲ್ಲಬೇಕಿಲ್ಲ, ಹಾಸು ನಿಂತರೆ ಸಾಕು. ಕಡಿಯೋದಕ್ಕೆ ಕಂಬಿಯೂ ಇಲ್ಲ. ಮೇಲೆ ಮಾತ್ರ ಗಾಳಿಯಾಡುವ ತಂತಿಬಲೆಯ ಮುಚ್ಚಳ ಬೇಕು. ಗಾಜಿನ ತೊಟ್ಟಿಯನ್ನು ಬಿಸಿಲು ಬೀಳುವ ಕಿಟಕಿಯ ಪಕ್ಕ ಇಟ್ಟರೆ ಏಪ್ರಿಲ್ ತಿಂಗಳಲ್ಲಿ ಒಲೆಯಾಗುತ್ತದೆ. ಟಿ.ವಿ. ಪಕ್ಕವೂ ಬೇಡ. ಬಟ್ಟೆ ಬರೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯ ಮುಚ್ಚಳ ಕತ್ತರಿಸಿ ಬಲೆ ಕೂರಿಸಿದರೂ ನಡೆಯುತ್ತದೆ. ಕೊರೆದ ಅಂಚು ಹಲ್ಲಿಗೆ ಸಿಗದಂತೆ ಇರಬೇಕು ಅಷ್ಟೆ.

ಪೀಣ್ಯ ಹತ್ತಿರವಿರುವುದರಿಂದ ಈ ಕಡೆಯವರಿಗೆ ಮೆಷಿನು ಬಂದ ಮರದ ಪೆಟ್ಟಿಗೆಗಳು ಸುಲಭವಾಗಿ ಸಿಗುತ್ತವೆ. ಹಲಗೆ ಬಳಸುವ ಮುಂಚೆ ಅದರ ಮೇಲಿನ ಮುದ್ರೆ ಓದಿ. ವಿದೇಶಕ್ಕೆ ಹೋಗಿ ಬರುವ ಪೆಟ್ಟಿಗೆಗೆ ಹುಳು ಹತ್ತದಂತೆ ಮಾಡಿದ ಉಪಚಾರದ ಗುರುತು ಅದು. ಇಂಗ್ಲಿಷಿನ ಎಚ್‌ಟಿ ಎಂದಿದ್ದರೆ ಬರೀ ಬಿಸಿ ಮಾಡಿದ್ದು. ಎಂಬಿ ಎಂದಿದ್ದರೆ ಮೀಥೈಲ್ ಬ್ರೊಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಅದನ್ನು ಮುಟ್ಟಲೇ ಬೇಡಿ. ಬಡಗಿ ಅಂಗಡಿಯ ಹೊಟ್ಟು ಪುಕ್ಕಟೆ ಸಿಗುತ್ತದೆ ಎಂದು ಚೀಲ ಹಿಡಿದು ಹೋಗುವವರೂ ಯೋಚಿಸಬೇಕು. ಪ್ಲೈವುಡ್ಡಿನ ಹೊಟ್ಟಿನಲ್ಲಿ ಅಂಟು, ಉಳಿದದ್ದರಲ್ಲಿ ದೂಳು, ಘಮಘಮ ಎನ್ನುವ ದೇವದಾರಿನಂಥ ಮರದಲ್ಲಿ ಉಸಿರಿಗೆ ಆಗದ ಎಣ್ಣೆ. ಶ್ರೀಗಂಧದ ಕಾವಲ್ ಎಂಬ ಹೆಸರಿದ್ದ ಮಾತ್ರಕ್ಕೆ ಘಮ ಎಲ್ಲರಿಗೂ ಒಗ್ಗಬೇಕೆಂದಿಲ್ಲ.

ಹಾಸಿಗೆ ಬಿಳಿ ಕಾಗದದ ಚೂರು, ಟಿಶ್ಯೂ ಕಾಗದ, ನಡುವೆ ಒಂದಿಷ್ಟು ಒಣಹುಲ್ಲು. ಹುಲ್ಲು ಸೇರಿದರೆ ತೋಡಿದ ಬಿಲ ಕುಸಿಯದೆ ನಿಲ್ಲುತ್ತದೆ. ಒಂದು ಕಡೆಯಾದರೂ ಒಂದಡಿ ಎತ್ತರಕ್ಕೆ ಒತ್ತಿ ತುಂಬಿ. ಮಸಿ ಹತ್ತಿದ ಹಳೇ ಪೇಪರಿಗಿಂತ ಬಿಳಿ ಕಾಗದ ವಾಸಿ, ಸಂಜೆ ಪತ್ರಿಕೆ ಓದಿ ಬೋಂಡ ಕಟ್ಟಿದರೆ ಸಾಕು. ಹತ್ತಿ, ಹತ್ತಿಯಂತೆ ಉಬ್ಬುವ ಹಾಸು ಬೇಡ, ಕಾಲಿಗೆ ಸುತ್ತಿಕೊಳ್ಳುತ್ತದೆ, ಕೆನ್ನೆಚೀಲದಲ್ಲಿ ಸಿಕ್ಕಿಕೊಳ್ಳುತ್ತದೆ. ವಾರ ವಾರ ಇಡೀ ಗೂಡು ತೊಳೆದು ಪಿನಾಯಿಲ್ ಹಾಕುವ ಮಡಿವಂತಿಕೆಯೂ ಒಳ್ಳೆಯದಲ್ಲ. ತನ್ನ ವಾಸನೆ ಹೋದರೆ ಅದಕ್ಕೆ ಮನೆಯೇ ಹೋದಂತೆ. ಉಚ್ಚೆ ಹೊಯ್ಯುವ ಮೂಲೆಯನ್ನು ಆಗಾಗ ಬಳಿದು, ಉಳಿದದ್ದನ್ನು ಸ್ವಲ್ಪ ಸ್ವಲ್ಪ ಬದಲಿಸಿದರಾಯಿತು.

ಚಕ್ರದ ಅಡ್ಡಗಲ ದೊಡ್ಡ ಜಾತಿಗೆ ಒಂದಡಿ, ಕುಬ್ಜ ಜಾತಿಗೆ ಎಂಟಿಂಚು. ಅಂಗಡಿಯಲ್ಲಿ ಪಂಜರದ ಜೊತೆ ಬರುವ ಚಿಕ್ಕ ಚಕ್ರದಲ್ಲಿ ಬೆನ್ನು ಬಿಲ್ಲಿನಂತೆ ಬಗ್ಗುತ್ತದೆ. ತಂತಿ ಮೆಟ್ಟಿಲಿನ ಚಕ್ರದಲ್ಲಿ ಕಾಲು ಸಿಕ್ಕಿ ಮುರಿಯುತ್ತದೆ. ತಳ ಗಟ್ಟಿಯಾಗಿ ಮುಚ್ಚಿರಬೇಕು.

ಕಡಿಯಲು ಔಷಧಿ ಹೊಡೆಯದ ಸೀಬೆ ಗಿಡದ ಒಣಕಡ್ಡಿ ಕೊಡಿ. ಇನ್ನು ಊಟ. ಬಟ್ಟಲಿನಲ್ಲಿ ರಾಶಿ ಹಾಕಬೇಡಿ. ರಾಗಿ, ನವಣೆ, ಜೋಳ, ಗೋಧಿ ಹಿಡಿಯಷ್ಟಲ್ಲ, ಚಿಟಿಕೆಯಷ್ಟು ತೆಗೆದುಕೊಂಡು ಸಂಜೆ ಹಾಸಿನ ಮೇಲೆ ಬಿತ್ತಿದ ಹಾಗೆ ಚೆಲ್ಲಿ. ರಾತ್ರಿ ಪೂರಾ ಅದಕ್ಕೆ ಹುಡುಕುವ ಕೆಲಸ. ಕಾಳು ಹೆಕ್ಕುವ ಬಾಯಿಗೆ ಕಂಬಿ ಕಡಿಯಲು ಪುರಸೊತ್ತು ಕಡಿಮೆ. ಸೂರ್ಯಕಾಂತಿ ಬೀಜ ಬರೀ ಕೊಬ್ಬು, ಅದು ಹಬ್ಬದೂಟ, ದಿನದ ಊಟವಲ್ಲ. ಈರುಳ್ಳಿ, ಬೆಳ್ಳುಳ್ಳಿ, ಚಾಕಲೇಟು ಕೂಡದು. ಬೆಲ್ಲದಪಾಕದಂಥ ಅಂಟು ತಿಂಡಿ ಕೆನ್ನೆಚೀಲಕ್ಕೆ ಮೆತ್ತಿಕೊಂಡರೆ ತೆಗೆಯುವುದೇ ಕಷ್ಟ. ಮತ್ತೆ ಮುಖ್ಯವಾದ ಮಾತು: ಬೀಜ ಕೊಡುವುದಿದ್ದರೆ ಅದು ಸುಮ್ಮನಿದ್ದಾಗ ಕೊಡಿ, ಕಡಿಯುವಾಗಲ್ಲ.

ಇಷ್ಟೆಲ್ಲಾ ಮಾಡಿದರೂ ಮೊದಲ ವಾರ ಕಟಕಟ ನಿಲ್ಲದಿರಬಹುದು. ತಾಳ್ಮೆ ಬೇಕು. ಸೆಕೆಂಡ್ ಶಿಫ್ಟಿನವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ.

ಮಾತ್ರೆ ಕೊಡುವ ಮುನ್ನ

ಜೊಲ್ಲು ಸುರಿಯುವುದು, ಕಾಳು ಬಾಯಿಂದ ಜಾರುವುದು, ಮೈ ಇಳಿಯುವುದು, ಮೂಗಿನ ಮೇಲೆ ರಕ್ತ, ಹಿಂಭಾಗ ಒದ್ದೆಯಾಗಿ ಭೇದಿ. ಇವು ಕಂಡರೆ ಅದು ಚಟದ ಮಾತಲ್ಲ, ಕಾಯಿಲೆಯ ಮಾತು. ಇಂಥಾ ಸಣ್ಣ ಪ್ರಾಣಿ ಎರಡು ದಿನ ತಿನ್ನದಿದ್ದರೆ ಮೂರನೇ ದಿನ ಕಾಣುವುದು ಅನುಮಾನ. ಆಗ ನಮ್ಮ ಜನ ಮಾಡುವ ಕೆಲಸ ಮೆಡಿಕಲ್ ಸ್ಟೋರಿಗೆ ಹೋಗಿ, ಮಗುವಿಗೆ ಕೊಡುವ ಸಿರಪ್ಪನ್ನೇ ಎರಡು ಹನಿ ಕುಡಿಸುವುದು. ದಯವಿಟ್ಟು ಬೇಡ. ನಮಗೆ ನಿಮಗೆ ಕೆಮ್ಮು ಗಾಯಕ್ಕೆ ಕೊಡುವ ಅಮಾಕ್ಸಿಸಿಲಿನ್, ಪೆನಿಸಿಲಿನ್ ಜಾತಿಯ ಔಷಧ ಹ್ಯಾಮ್‌ಸ್ಟರ್ ಹೊಟ್ಟೆಗೆ ಹೋದರೆ ಕರುಳಿನಲ್ಲಿರುವ ಒಳ್ಳೆಯ ಕ್ರಿಮಿಗಳು ಸತ್ತು, ಕೆಟ್ಟವು ಹೆಚ್ಚಿ, ಪ್ರಾಣವೇ ಹೋಗುತ್ತದೆ. ಮದ್ದೇ ಪಾಷಾಣವಾಗುವುದು ಎಂದರೆ ಇದು. ಕೆಳಗಿನ ಅಂಗಡಿಯ ಇಲಿಗೆ ಹಾಕಿದ್ದನ್ನೇ ಮೇಲಿನದಕ್ಕೂ ಪ್ರೀತಿಯಿಂದ ಹಾಕಿದ ಹಾಗಾಗುತ್ತದೆ.

ದನ ಕರು, ನಾಯಿ ನೋಡುವ ಡಾಕ್ಟರು ಎಲ್ಲರೂ ಹಲ್ಲಿನಷ್ಟು ಸಣ್ಣ ಪ್ರಾಣಿಯ ಹಲ್ಲು ನೋಡಿ ಅನುಭವ ಇರುವವರಲ್ಲ. ಮೊದಲೇ ಫೋನು ಮಾಡಿ ಕೇಳಿಕೊಳ್ಳಿ. ಹೆಬ್ಬಾಳದಲ್ಲಿ 1958ರಿಂದ ಇರುವ ಪಶುವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಯಿದೆ. ಸುಮನಹಳ್ಳಿಯಿಂದ ರಿಂಗ್ ರೋಡ್ ಹಿಡಿದರೆ ಲಗ್ಗೆರೆ, ಗೊರಗುಂಟೆಪಾಳ್ಯ ದಾಟಿ ನೇರ ದಾರಿ. ಒಯ್ಯುವಾಗ ತೂತಿರುವ ಸಣ್ಣ ಡಬ್ಬದಲ್ಲಿ ಅದರದೇ ಹಳೇ ಹಾಸು ಒಂದು ಹಿಡಿ, ನೀರಿನ ಬಾಟಲಿಯ ಬದಲು ಒಂದು ಚೂರು ಸೌತೆಕಾಯಿ. ಕುಲುಕಾಟದಲ್ಲಿ ಬಾಟಲಿ ಸೋರಿ ಒದ್ದೆಯಾದರೆ ಶೀತ.

ಐವತ್ತು ರೂಪಾಯಿ ಕಾನೂನು

ಇದಕ್ಕೆಲ್ಲಾ ಕಾನೂನು ಇಲ್ಲವೇ? ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಹನ್ನೊಂದನೇ ಸೆಕ್ಷನ್ನಿನಲ್ಲಿ, ಆರಾಮಾಗಿ ಓಡಾಡಲು ಸಾಲದಷ್ಟು ಚಿಕ್ಕ ಪಂಜರದಲ್ಲಿ ಪ್ರಾಣಿಯನ್ನು ಇಡುವುದು ಅಪರಾಧ ಎಂದು ಬರೆದಿದೆ. ಉದ್ದ, ಅಗಲ, ಎತ್ತರ ಮೂರನ್ನೂ ಹೆಸರಿಸಿ ಬರೆದಿದೆ. ಮೊದಲ ತಪ್ಪಿಗೆ ದಂಡ ಹತ್ತು ರೂಪಾಯಿಗೆ ಕಡಿಮೆಯಿಲ್ಲದಂತೆ ಐವತ್ತು ರೂಪಾಯಿ ತನಕ. ಅಂದಿನ ಐವತ್ತಕ್ಕೆ ಅಕ್ಕಿ ಮೂಟೆ ಮನೆಗೆ ಬರುತ್ತಿತ್ತೇನೋ, ಇಂದಿನ ಐವತ್ತಕ್ಕೆ ಎರಡು ಪ್ಲೇಟ್ ಇಡ್ಲಿ ಬಂದರೆ ಪುಣ್ಯ. 2018ರಲ್ಲಿ ಸಾಕುಪ್ರಾಣಿ ಅಂಗಡಿಗಳಿಗೇ ಬೇರೆ ನಿಯಮ ಬಂದು, ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಬೇಕು ಎಂದಾಗಿದೆ. ಮರಿ ಕೊಳ್ಳುವಾಗ ಆ ನೋಂದಣಿ ಪತ್ರ ಎಲ್ಲಿ ಎಂದು ಗಿರಾಕಿ ಕೇಳಿದರೆ ತಪ್ಪಿಲ್ಲ. ತೂಕದ ಯಂತ್ರಕ್ಕೆ ಮುದ್ರೆ ಇದೆಯೇ ಎಂದು ದಿನಸಿ ಅಂಗಡಿಯಲ್ಲಿ ಕೇಳುವ ಹಕ್ಕಿರುವ ಗಿರಾಕಿಗೆ ಅಲ್ಲೂ ಬಾಯಿದೆ.

ಕೆಲವರು ಬೇಸತ್ತು, "ಕಾವಲ್ ಅಲ್ವೇ, ಎಲ್ಲಾದ್ರೂ ಬದುಕ್ಕೊಳ್ಳಲಿ" ಎಂದು ಖಾಲಿ ಸೈಟಿನಲ್ಲಿ ಬಿಟ್ಟುಬಿಡುವ ಯೋಚನೆ ಮಾಡುತ್ತಾರೆ. ಕಾವಲು ಎಂದರೆ ದನ ಮೇಯುತ್ತಿದ್ದ ಹುಲ್ಲುಗಾವಲು. ಆ ಹುಲ್ಲೂ ಈಗಿಲ್ಲ, ಇದ್ದರೂ ಇದು ಇಲ್ಲಿಯ ಪ್ರಾಣಿಯಲ್ಲ. ಪಂಜರದಲ್ಲಿ ಹುಟ್ಟಿದ ಹ್ಯಾಮ್‌ಸ್ಟರ್‌ಗೆ ಬೆಕ್ಕು ಯಾವುದು, ಕಾಗೆ ಯಾವುದು ತಿಳಿಯದು. ಬೆಳಗಾಗುವ ತನಕ ಉಳಿದರೆ ಹೆಚ್ಚು. ಸಾಕಲಾಗದಿದ್ದರೆ ಸಾಕುವವರ ಕೈಗೆ ಕೊಡಬೇಕು, ಮೂರಡಿ ತೊಟ್ಟಿಯ ಸಮೇತ.

ಅದರ ಆಯಸ್ಸೂ ದೊಡ್ಡದಲ್ಲ, ಎರಡು ವರ್ಷ, ಚೆನ್ನಾಗಿ ನೋಡಿಕೊಂಡರೆ ಮೂರು. ಆರನೇ ಕ್ಲಾಸಿನಲ್ಲಿ ಹಟ ಮಾಡಿ ತಂದ ಮಗು ಎಂಟಕ್ಕೆ ಬರುವ ಹೊತ್ತಿಗೆ ಗೂಡು ಖಾಲಿ. ಖಾಲಿ ಪಂಜರ ಗುಜರಿ ಗಾಡಿಗೆ, ಅಲ್ಲಿಂದ ಸೆಕೆಂಡ್ ಹ್ಯಾಂಡ್ ಆಗಿ ಇನ್ನೊಂದು ಮನೆಗೆ. ಹಾಗೆ ಕೊಳ್ಳುವವರು ಪಂಜರವನ್ನು ಬೆಳಕಿಗೆ ಹಿಡಿದು ಬಾಗಿಲ ಪಕ್ಕದ ಕಂಬಿಗಳನ್ನು ನೋಡಬೇಕು. ಬೇರೆಲ್ಲಾ ಕಡೆ ಬಣ್ಣ ಇದ್ದು ಆ ಒಂದು ಮೂಲೆಯಲ್ಲಿ ಮಾತ್ರ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿದ್ದರೆ, ಹಿಂದಿನ ಬಾಡಿಗೆದಾರನಿಗೆ ಅದು ಎಷ್ಟು ಸಾಲದಾಗಿತ್ತು ಎಂದು ಅಂಗಡಿಯವನನ್ನು ಕೇಳಬೇಕಾದ್ದಿಲ್ಲ.